ಸಾಲ ತೀರಿತು, ಸಾಲದ ದಾರಿ ಮುಚ್ಚಿತೇ?

ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಸಿಕ್ಕಿಬಿದ್ದವರ ಬಗ್ಗೆ ನಾವು ಸಾಕಷ್ಟು ಮಾತನಾಡಿದ್ದೇವೆ. ಜುಮಾ ಭಾಷಣದಲ್ಲಿ ಕೇಳಿದ್ದೇವೆ, ಮದುವೆ ಹಾಲ್‌ನ ಊಟದ ಟೇಬಲ್‌ನಲ್ಲೂ ಕೇಳಿದ್ದೇವೆ. ಆದರೆ ಆ ಸಾಲವನ್ನು ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿದವರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಎರಡು ವರ್ಷ, ಮೂರು ವರ್ಷ ತಿಂಗಳ ಸಂಬಳದ ಕಾಲು ಭಾಗವನ್ನು ಬ್ಯಾಂಕಿಗೆ ಕೊಟ್ಟು, ಮನೆಯವಳ ಬಳೆ ಅಡವಿಟ್ಟು, ಓವರ್‌ಟೈಮ್ ಮಾಡಿ ಕೊನೆಯ ಕಂತು ಕಟ್ಟಿದ ದಿನ 'ಅಲ್‌ಹಮ್ದುಲಿಲ್ಲಾಹ್, ಒಮ್ಮೆ ಮುಗೀತು' ಎಂದು ಉಸಿರು ಬಿಟ್ಟವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೇಸರದ ಸಂಗತಿಯೆಂದರೆ, ಅವರಲ್ಲಿ ಕೆಲವರು ಒಂದೆರಡು ವರ್ಷದೊಳಗೆ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಮೊದಲ ಸಲ ಸಾಲಕ್ಕೆ ಬಿದ್ದವನನ್ನು 'ಗೊತ್ತಿಲ್ಲದೆ ಆಯ್ತು' ಎಂದು ಮನೆಯವರು ಕ್ಷಮಿಸುತ್ತಾರೆ. ಎರಡನೇ ಸಲ ಯಾರೂ ಕೈ ಹಿಡಿಯುವುದಿಲ್ಲ. ಅಡವಿಡಲು ಬಳೆಯೂ ಇರುವುದಿಲ್ಲ.

ಹಾಗಾಗಿ ಸಾಲ ತೀರಿಸುವುದು ಹೇಗೆ ಎಂಬುದಕ್ಕಿಂತ, ತೀರಿದ ಮೇಲಿನ ಮೊದಲ ವರ್ಷವನ್ನು ದಾಟುವುದು ಹೇಗೆ ಎಂಬುದು ಹೆಚ್ಚು ಮುಖ್ಯ ಎಂದು ನನಗನಿಸುತ್ತದೆ. ನಾನು ಹೇಳಲಿರುವುದು ಇಷ್ಟೇ: ಕಂತು ಮುಗಿದರೂ ಕಂತು ಕಟ್ಟುವುದನ್ನು ನಿಲ್ಲಿಸಬೇಡಿ. ಇಷ್ಟು ದಿನ ಬ್ಯಾಂಕಿಗೆ ಕಟ್ಟಿದಿರಿ, ಇನ್ನು ನಿಮ್ಮ ಮನೆಗೆ ಕಟ್ಟಿ. ಯಾಕೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಲಕ್ಷದ ಲೆಕ್ಕ

ಕಾರ್ಡ್ ಸಾಲ ತೀರಿಸಿದವರಿಗೆ ಬಡ್ಡಿಯ ಪಾಠ ಬೇಕಾಗಿಲ್ಲ. ಆದರೂ ಒಮ್ಮೆ ಲೆಕ್ಕ ನೆನಪಿಸಿಕೊಳ್ಳುವುದು ಒಳ್ಳೆಯದು. ನಮ್ಮ ದೇಶದಲ್ಲಿ ಹೆಚ್ಚಿನ ಕಾರ್ಡ್‌ಗಳ ಬಡ್ಡಿ ತಿಂಗಳಿಗೆ ಶೇ. 3ರಿಂದ 3.75ರ ಆಸುಪಾಸಿನಲ್ಲಿದೆ. ತಿಂಗಳ ಲೆಕ್ಕದಲ್ಲಿ ಸಣ್ಣದಾಗಿ ಕಾಣುವ ಇದು ವರ್ಷಕ್ಕೆ ಶೇ. 36ರಿಂದ 45 ಆಗುತ್ತದೆ. ಶೇ. 3.5ರ ಬಡ್ಡಿಯಲ್ಲಿ ಒಂದು ಲಕ್ಷ ರೂಪಾಯಿ ಬಾಕಿ ಇದ್ದರೆ ತಿಂಗಳ ಬಡ್ಡಿ 3,500 ರೂ. ಅದರ ಮೇಲೆ ಶೇ. 18 ಜಿಎಸ್‌ಟಿ 630 ರೂ. ಬಿಲ್ಲಿನಲ್ಲಿ 'ಮಿನಿಮಮ್ ಡ್ಯೂ' ಎಂದು ತೋರಿಸುವ ಶೇ. 5, ಅಂದರೆ 5,000 ರೂ. ಕಟ್ಟಿದರೆ ಅದರಲ್ಲಿ 4,130 ರೂ. ಬಡ್ಡಿಗೆ ಮತ್ತು ತೆರಿಗೆಗೆ ಹೋಯಿತು. ಅಸಲಿನಲ್ಲಿ ಕಡಿಮೆಯಾದದ್ದು ಬರೇ 870 ರೂ. ಬಾಕಿ ಉಳಿದಿರುವಾಗ ಹೊಸದಾಗಿ ಏನು ಖರೀದಿಸಿದರೂ ಅದಕ್ಕೆ ಆ 45-50 ದಿನಗಳ ಬಡ್ಡಿರಹಿತ ಅವಧಿಯೂ ಸಿಗುವುದಿಲ್ಲ.

ಇದಕ್ಕೆ ಮೇಲ್ಮಿತಿ ಎಂಬುದೂ ಇಲ್ಲ. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಗೊಳಿಸಿತು. ಅಂದರೆ ಇನ್ನೊಮ್ಮೆ ಬಿದ್ದರೆ ಕಾನೂನು ಬಂದು ನಮ್ಮನ್ನು ಎತ್ತುತ್ತದೆ ಎಂದು ಕಾಯುವ ಹಾಗಿಲ್ಲ.

ಸಾಲ ತೀರಿಸಿದವರ ಮೊಬೈಲ್‌ಗೆ ಬರುವ ಕರೆಗಳನ್ನು ಗಮನಿಸಿ. ಬಾಕಿ ಇರುವಾಗ ಬೆದರಿಸುವ ದನಿಯಲ್ಲಿ ಬರುತ್ತಿದ್ದ ಕರೆ, ತೀರಿದ ಮೇಲೆ ಸಕ್ಕರೆಯಂತೆ ಸಿಹಿಯಾಗುತ್ತದೆ. 'ಸಾರ್, ನಿಮಗೆ ಪ್ರಿ-ಅಪ್ರೂವ್ಡ್ ಲೋನ್ ಉಂಟು, ಕಾರ್ಡ್ ಲಿಮಿಟ್ ಡಬಲ್ ಮಾಡಿ ಕೊಡ್ತೇವೆ' ಎನ್ನುತ್ತಾರೆ. ಇದು ನಿಮ್ಮ ಮೇಲಿನ ಪ್ರೀತಿಯಿಂದ ಅಲ್ಲ. ಎರಡು ವರ್ಷ ಬಡ್ಡಿ ಕಟ್ಟಿಯೂ ಓಡಿಹೋಗದೆ ಅಸಲನ್ನೂ ತೀರಿಸಿದವನಿಗಿಂತ ಒಳ್ಳೆಯ ಗಿರಾಕಿ ಬ್ಯಾಂಕಿಗೆ ಎಲ್ಲಿ ಸಿಗಬೇಕು? ಇತ್ತೀಚೆಗೆ ಇನ್ನೊಂದು ದಾರಿಯೂ ತೆರೆದಿದೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಬಂದರಿನ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡುವಾಗ ಖಾತೆಯಿಂದ ನಮ್ಮ ಹಣ ಹೋಗುತ್ತಿದೆಯೋ, ಕಾರ್ಡಿನಿಂದ ಸಾಲ ಹೋಗುತ್ತಿದೆಯೋ ಎಂಬುದು ಈಗ ಕೈಗೇ ಗೊತ್ತಾಗುವುದಿಲ್ಲ. ಎರಡಕ್ಕೂ ಅದೇ 'ಟಿಂಗ್' ಶಬ್ದ.

ಗೊತ್ತಿದ್ದೇ ಬರುವ ಖರ್ಚುಗಳು

ಕಾರ್ಡ್ ಸಾಲ ಹೇಗಾಯಿತು ಎಂದು ಕೇಳಿದರೆ ಎರಡು ಉತ್ತರ ಸಿಗುತ್ತದೆ. ಹಿರಿಯರು 'ಈಗಿನ ಹುಡುಗರಿಗೆ ಶೋಕಿ ಜಾಸ್ತಿ' ಎನ್ನುತ್ತಾರೆ. ಹುಡುಗರು 'ಇದ್ದಕ್ಕಿದ್ದಂತೆ ಖರ್ಚು ಬಂತು' ಎನ್ನುತ್ತಾರೆ. ಎರಡರಲ್ಲೂ ಸ್ವಲ್ಪ ಸತ್ಯ ಇರಬಹುದು. ಆದರೆ ಯಾರಾದರೂ ತಮ್ಮ ಎರಡು ವರ್ಷದ ಕಾರ್ಡ್ ಬಿಲ್ ತೆಗೆದು ಸಾಲಾಗಿ ಓದಿ ನೋಡಲಿ. ಅದರಲ್ಲಿ ಶೋಕಿಗೂ ಆಪತ್ತಿಗೂ ಸೇರದ ಮೂರನೇ ಜಾತಿಯ ಖರ್ಚು ಎದ್ದು ಕಾಣುತ್ತದೆ. ಅದು ಪ್ರತಿ ವರ್ಷ ಬರುತ್ತದೆ, ಬರುತ್ತದೆಂದು ಎಲ್ಲರಿಗೂ ಗೊತ್ತಿರುತ್ತದೆ. ಆದರೂ ಬಂದಾಗ ಮನೆಯಲ್ಲಿ ಹಣ ಇರುವುದಿಲ್ಲ.

ಮೇ ಕೊನೆಯಲ್ಲಿ ಶಾಲೆಯ ಫೀಸು, ಯೂನಿಫಾರ್ಮ್, ಪುಸ್ತಕ. ಮಳೆ ಹಿಡಿಯುವ ಮೊದಲು ಹಂಚು ತೆಗೆದು ಹಾಕಿಸಬೇಕು, ಟೆರೇಸ್ ಸೋರುತ್ತಿದ್ದರೆ ಶೀಟು ಹಾಕಿಸಬೇಕು. ಸ್ಕೂಟರ್‌ನ ಇನ್ಶೂರೆನ್ಸ್. ವರ್ಷಕ್ಕೆ ಎರಡು ಪೆರ್ನಾಲ್, ಮಕ್ಕಳಿಗೆ ಹೊಸ ಬಟ್ಟೆ, ಹೆಣ್ಣುಮಕ್ಕಳ ಮನೆಗೆ ಕೊಂಡುಹೋಗುವ ಸಾಮಾನು. ಇದರಲ್ಲಿ ಯಾವುದು ಇದ್ದಕ್ಕಿದ್ದಂತೆ ಬಂದದ್ದು? ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ ಎಂಬುದು ಮದ್ರಸದ ಮಗುವಿಗೂ ಗೊತ್ತು. ಮೀನಿನ ಕೆಲಸದಲ್ಲಿರುವ ಮನೆಗಳಿಗಂತೂ ಜೂನ್ 1ರಿಂದ ಜುಲೈ 31ರ ತನಕ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯದ 61 ದಿನ, ವರ್ಷವೂ ಅದೇ ತಾರೀಕಿಗೆ ಬರುತ್ತದೆ. ಶಾಲೆಯ ಫೀಸು ಕೇಳುವುದೂ ಅದೇ ಹೊತ್ತಿಗೆ.

ಒಂದು ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 35,000 ರೂ. ಸಂಬಳದ ಮನೆ ಎಂದಿಟ್ಟುಕೊಳ್ಳಿ. ಇಬ್ಬರು ಮಕ್ಕಳ ಶಾಲೆಯ ಖರ್ಚು 36,000 ರೂ., ಎರಡು ಪೆರ್ನಾಲಿಗೆ 12,000 ರೂ., ಗಾಡಿಯ ಇನ್ಶೂರೆನ್ಸ್ ಮತ್ತು ರಿಪೇರಿ 6,000 ರೂ., ಮಳೆಗಾಲದ ಮೊದಲಿನ ಮನೆ ಕೆಲಸ 6,000 ರೂ. ಒಟ್ಟು 60,000 ರೂ. ತಿಂಗಳಿಗೆ ಭಾಗಿಸಿದರೆ 5,000 ರೂ. ಅಂದರೆ ಈ ಮನೆಯವರು ತಮ್ಮ ಆದಾಯ 35,000 ಎಂದು ತಿಳಿದುಕೊಂಡಿದ್ದಾರೆ. ಆದರೆ ಅವರ ಕೈಯಲ್ಲಿ ನಿಜವಾಗಿ ಖರ್ಚಿಗೆ ಇರುವುದು 30,000 ಮಾತ್ರ. ಆ 5,000 ತಿಂಗಳು ತಿಂಗಳೂ ಅಕ್ಕಿ ಮೀನಿನಲ್ಲಿ, ಮೊಬೈಲ್ ರೀಚಾರ್ಜ್‌ನಲ್ಲಿ, ವಾರಾಂತ್ಯದ ಹೊಟೇಲಿನಲ್ಲಿ ಕರಗಿಹೋಗುತ್ತದೆ. ಮೇ ತಿಂಗಳು ಬಂದಾಗ ಕಾರ್ಡ್ ಹೊರಗೆ ಬರುತ್ತದೆ.

ಹಳೆಯ ಸಾಲ ತೀರಿದ ಮಾತ್ರಕ್ಕೆ ಈ 60,000 ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಮೇಯಲ್ಲೂ ಬರುತ್ತದೆ. ಮತ್ತೆ ಸಾಲಕ್ಕೆ ಬೀಳುವವರು ಬೀಳುವುದು ಇಲ್ಲಿಯೇ. ಅವರ ಮನಸ್ಸು ಗಟ್ಟಿ ಇಲ್ಲ ಎಂದಲ್ಲ. ಸಾಲ ತುಂಬಿಸುತ್ತಿದ್ದ ಗುಂಡಿಯನ್ನು ಯಾರೂ ಮುಚ್ಚಿರುವುದಿಲ್ಲ.

ಪಿಗ್ಮಿಯ ಊರಿನವರು ನಾವು

ಇಂತಹ ಮನೆಯವರು ಕಾರ್ಡ್ ಸಾಲ ತೀರಿಸಲು ತಿಂಗಳಿಗೆ 9,000 ರೂ. ಕಟ್ಟುತ್ತಿದ್ದರು ಎಂದುಕೊಳ್ಳೋಣ. ಕೊನೆಯ ಕಂತು ಮುಗಿದ ಮರುತಿಂಗಳು ಆ 9,000 ಕೈಯಲ್ಲಿ ಉಳಿಯುತ್ತದೆ. ಇದು ಅತ್ಯಂತ ಅಪಾಯದ ತಿಂಗಳು. ಎರಡು ವರ್ಷ ಮನೆಮಂದಿ ಎಲ್ಲ ಆಸೆ ಅದುಮಿಟ್ಟುಕೊಂಡಿದ್ದಾರೆ. ಮಗನಿಗೆ ಸೈಕಲ್ ಬೇಕು, ಮನೆಯವಳಿಗೆ ವಾಷಿಂಗ್ ಮೆಷಿನ್ ಬೇಕು, ಅವನಿಗೇ ಒಂದು ಒಳ್ಳೆಯ ಮೊಬೈಲ್ ಬೇಕು. ಯಾವುದೂ ತಪ್ಪಲ್ಲ. ಅಂಗಡಿಯವರು 'ನೋ ಕಾಸ್ಟ್ ಇಎಂಐ ಉಂಟು, ತಿಂಗಳಿಗೆ ಮೂರು ಸಾವಿರ ಅಷ್ಟೇ' ಎನ್ನುತ್ತಾರೆ. ಹೀಗೆ ಮೂರು ಇಎಂಐ ಸೇರಿದರೆ ಆ 9,000 ಮತ್ತೆ ಮುಗಿಯಿತು. ಸಾಲದಿಂದ ಹೊರಬಂದ ಮನೆ ಮೂರೇ ತಿಂಗಳಲ್ಲಿ ಮತ್ತೆ ಕಂತಿನ ಮನೆಯಾಗುತ್ತದೆ.

ನನ್ನ ಸಲಹೆ ಹೀಗಿದೆ. ಸಂಬಳ ಬಂದ ದಿನವೇ, ಬ್ಯಾಂಕಿಗೆ ಕಂತು ಹೋಗುತ್ತಿದ್ದ ಅದೇ ತಾರೀಕಿಗೆ, 9,000ದಲ್ಲಿ 5,000 ರೂ. ಆ ವಾರ್ಷಿಕ ಖರ್ಚಿಗೆಂದು ಬೇರೆ ಖಾತೆಗೆ ಹೋಗಲಿ. 3,000 ರೂ. ಆಪತ್ತಿಗೆಂದು ಇನ್ನೊಂದು ಕಡೆ ಹೋಗಲಿ. ಉಳಿದ 1,000 ರೂ. ಮನೆಯವರ ಸಂತೋಷಕ್ಕೆ ಇರಲಿ, ಅದನ್ನು ಕಿತ್ತುಕೊಳ್ಳಬೇಡಿ. ಒಂದು ವರ್ಷ ಹೀಗೆ ನಡೆದರೆ ಶಾಲೆಯ ಫೀಸು, ಎರಡು ಪೆರ್ನಾಲ್ ಸಾಲವಿಲ್ಲದೆ ಮುಗಿದಿರುತ್ತದೆ. ಆಪತ್ತಿನ ಡಬ್ಬದಲ್ಲಿ 36,000 ರೂ., ಅಂದರೆ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಇರುತ್ತದೆ. ವಾಷಿಂಗ್ ಮೆಷಿನ್ ಎರಡನೇ ವರ್ಷ ಬರಲಿ, ರೊಕ್ಕ ಕೊಟ್ಟು ಬರಲಿ.

ಇದೇನೂ ಹೊರಗಿನಿಂದ ಬಂದ ವಿದ್ಯೆಯಲ್ಲ. ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಮುಂದೆ ನಿಂತು ಕಟ್ಟಿದ ಸಂಸ್ಥೆಯೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಜನರಲ್ಲಿ ಮಿತವ್ಯಯದ ಅಭ್ಯಾಸ ಬೆಳೆಸುವುದು ಅದರ ಮೊದಲ ಉದ್ದೇಶಗಳಲ್ಲಿ ಒಂದಾಗಿತ್ತು. ಅದೇ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಆ ಎರಡು ಬ್ಯಾಂಕ್‌ಗಳೂ 2020ರಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು. ಆದರೆ ಪಿಗ್ಮಿ ಕಲೆಕ್ಷನ್‌ನವರು ಈಗಲೂ ಸೊಸೈಟಿಗಳ ಕಡೆಯಿಂದ ಪೇಟೆಯ ಅಂಗಡಿಗಳಿಗೆ ಬರುತ್ತಾರೆ. ಇರುವಾಗ ಸ್ವಲ್ಪ ಸ್ವಲ್ಪ ತೆಗೆದಿಡುವುದನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟ ಜಿಲ್ಲೆಯವರು ನಾವು. ಈಗ ಇಲ್ಲದಿರುವಾಗ ಸ್ವೈಪ್ ಮಾಡುವುದರಲ್ಲಿ ಮುಂದಿದ್ದೇವೆ.

ಬಡ್ಡಿಯ ಕಾರಣಕ್ಕೆ ಪಿಗ್ಮಿ, ಆರ್‌ಡಿ ಬೇಡ ಎನ್ನುವವರು ಇದ್ದಾರೆ. ಅವರು ಎಟಿಎಂ ಕಾರ್ಡಾಗಲಿ, ಯುಪಿಐ ಆಗಲಿ ಜೋಡಿಸದ ಒಂದು ಪ್ರತ್ಯೇಕ ಖಾತೆ ಇಟ್ಟುಕೊಳ್ಳಲಿ. ಅದಕ್ಕೆ ಬೀಳುವ ಬಡ್ಡಿಯನ್ನು ಏನು ಮಾಡಬೇಕೆಂದು ಉಸ್ತಾದರಲ್ಲಿ ಕೇಳಿ ನಡೆದುಕೊಳ್ಳಲಿ. ಕೂಡಿಡುವುದರಲ್ಲಿ ಬರುವ ಸಣ್ಣ ಬಡ್ಡಿಗೆ ಹೆದರಿ ಏನನ್ನೂ ಕೂಡಿಡದೆ, ಕೊನೆಗೆ ಶೇ. 42ರ ಬಡ್ಡಿ ಕಟ್ಟುವ ಸ್ಥಿತಿಗೆ ಬರುವುದು ಯಾವ ಲೆಕ್ಕಕ್ಕೂ ಸರಿಹೋಗುವುದಿಲ್ಲ.

ಇನ್ನು ಆಸ್ಪತ್ರೆಯ ಖರ್ಚು. ಮನೆಯನ್ನು ಒಂದೇ ರಾತ್ರಿಯಲ್ಲಿ ಸಾಲಕ್ಕೆ ತಳ್ಳುವುದು ಇದೇ. 36,000 ರೂ.ಗಳ ಡಬ್ಬ ಇದಕ್ಕೆ ಸಾಲುವುದಿಲ್ಲ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷ ರೂ. ತನಕ ನೆರವು ಉಂಟು. ತುರ್ತು ಇಲ್ಲದ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ಅಡ್ಮಿಟ್ ಆದ ಮೇಲೆ ಈ ಕಾರ್ಡಿಗಾಗಿ ಓಡಾಡುವವರನ್ನು ದಿನವೂ ಕಾಣುತ್ತೇವೆ. ಉಮ್ಮ, ಬಾಪ, ಮಕ್ಕಳು, ಮನೆಯ ಎಲ್ಲರ ಹೆಸರಲ್ಲೂ ಇದನ್ನು ಇವತ್ತೇ ಮಾಡಿಸಿಡಿ. ಪರ್ಸ್‌ನಲ್ಲಿ ಒಂದು ಕಾರ್ಡ್ ಇರಬೇಕೆಂದಿದ್ದರೆ ಅದು ಇದಾಗಿರಲಿ.

ಕಾರ್ಡನ್ನು ಇಟ್ಟುಕೊಳ್ಳಬೇಕೇ, ಮುಚ್ಚಬೇಕೇ?

ಸಾಲ ತೀರಿದ ಮೇಲೆ ಕಾರ್ಡನ್ನು ಕತ್ತರಿಯಲ್ಲಿ ತುಂಡು ಮಾಡಿ ಬಿಸಾಡಿದರೆ ಅದು ಮುಚ್ಚಿದಂತಲ್ಲ. ಬ್ಯಾಂಕಿಗೆ ಲಿಖಿತವಾಗಿ ಅಥವಾ ಆ್ಯಪ್, ಇ-ಮೇಲ್ ಮೂಲಕ ಕೋರಿಕೆ ಕೊಡಬೇಕು. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಬಾಕಿ ಏನೂ ಇಲ್ಲದಿದ್ದರೆ ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಕಾರ್ಡ್ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂ.ನಂತೆ ಗ್ರಾಹಕನಿಗೆ ಕೊಡಬೇಕು. ನೀವು ಒಪ್ಪದೆ ಲಿಮಿಟ್ ಏರಿಸುವಂತಿಲ್ಲ, ಕೇಳದೆ ಹೊಸ ಕಾರ್ಡ್ ಕಳಿಸುವಂತೆಯೂ ಇಲ್ಲ. 'ಯಾಕೆ ಸಾರ್ ಮುಚ್ತೀರಿ, ಲೈಫ್‌ಟೈಮ್ ಫ್ರೀ ಮಾಡಿ ಕೊಡ್ತೇವೆ' ಎಂದು ಎಳೆದಾಡಿದರೆ ಈ ನಿಯಮವನ್ನು ನೆನಪಿಸಿ. ಒಂದು ತಿಂಗಳಾದರೂ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ.

ಮುಚ್ಚಿದ ಮೇಲೆ 'ನೋ ಡ್ಯೂ' ಪತ್ರ ಕೇಳಿ ತೆಗೆದಿಡಿ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಈ ನಾಲ್ಕೂ ಕಂಪೆನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ 'ಕ್ಲೋಸ್ಡ್' ಎಂದಿರಬೇಕು. ಬ್ಯಾಂಕಿನವರು ಸ್ವಲ್ಪ ಬಿಟ್ಟುಕೊಟ್ಟು ಚೌಕಾಸಿ ಮಾಡಿ ಮುಗಿಸಿದ್ದರೆ 'ಸೆಟಲ್ಡ್' ಎಂದಿರುತ್ತದೆ. ಮುಂದೆ ಮನೆ ಸಾಲ ಕೇಳುವಾಗ ಈ ಎರಡು ಪದಗಳ ನಡುವಿನ ವ್ಯತ್ಯಾಸ ಗೊತ್ತಾಗುತ್ತದೆ.

ಹಳೆಯ ಕಾರ್ಡ್ ಮುಚ್ಚಿದರೆ ಸ್ಕೋರ್ ಬೀಳುತ್ತದೆ, ಹಾಗಾಗಿ ಮುಚ್ಚಬಾರದು ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಾಲದ ಚರಿತ್ರೆ ಎಷ್ಟು ಹಳೆಯದು, ಇರುವ ಲಿಮಿಟ್‌ನಲ್ಲಿ ಎಷ್ಟು ಬಳಸಿದ್ದೀರಿ ಎಂಬುದು ಸ್ಕೋರಿಗೆ ಸೇರುತ್ತದೆ. ಆದರೆ ಸ್ಕೋರ್ ಇರುವುದು ಯಾತಕ್ಕೆ? ಮುಂದಿನ ಸಾಲ ಸಿಗಲಿಕ್ಕೆ. ಇನ್ನೆರಡು ವರ್ಷದಲ್ಲಿ ಮನೆ ಸಾಲದ ಆಲೋಚನೆ ಇರುವವರು ಒಂದೇ ಒಂದು ಹಳೆಯ ಕಾರ್ಡನ್ನು ಲಿಮಿಟ್ ಕಡಿಮೆ ಮಾಡಿಸಿ ಇಟ್ಟುಕೊಳ್ಳಲಿ. ಕರೆಂಟ್ ಬಿಲ್ಲಿನಂತಹ ಒಂದೇ ಖರ್ಚು ಅದರಲ್ಲಿ ಹೋಗಲಿ, ಪೂರ್ತಿ ಮೊತ್ತ ಖಾತೆಯಿಂದ ತಾನಾಗಿ ಕಟ್ಟಿಹೋಗುವಂತೆ ಮಾಡಲಿ. ಒಮ್ಮೆ ಬಿದ್ದು ಎದ್ದವರಲ್ಲಿ ಉಳಿದವರಿಗೆ ಮುಚ್ಚುವುದೇ ಲೇಸು. ಬರದ ಸಾಲದ ಸ್ಕೋರ್ ಕಾಪಾಡಲು ಹೋಗಿ ಬಂದ ನೆಮ್ಮದಿ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಇಲ್ಲ ಎನ್ನಲಾಗದ ನಾಚಿಕೆ

ಕಾರ್ಡ್ ಮುಚ್ಚಲು ಇನ್ನೊಂದು ಬಲವಾದ ಕಾರಣ ಇದೆ. ಸಾಲ ತೀರಿಸಿದವನ ಬಳಿಗೆ ಬ್ಯಾಂಕಿನವರಷ್ಟೇ ಅಲ್ಲ, ನಮ್ಮವರೂ ಬರುತ್ತಾರೆ. 'ನಿನ್ನ ಕಾರ್ಡ್ ಖಾಲಿ ಉಂಟಲ್ಲ, ಒಂದು ಫೋನ್ ತೆಗ್ಸಿಕೊಡು ಮಾರಾಯ, ತಿಂಗಳು ತಿಂಗಳು ನಾನೇ ಕಟ್ತೇನೆ' ಎಂದು ಗೆಳೆಯ ಕೇಳುತ್ತಾನೆ. 'ಮಗಳ ಮದುವೆಗೆ ಫ್ರಿಜ್ ಒಂದು ಬಾಕಿ ಉಂಟು ಮೋನೆ' ಎಂದು ಕಾಕ ಕೇಳುತ್ತಾರೆ. ಮೊದಲ ಎರಡು ತಿಂಗಳು ಹಣ ಬರುತ್ತದೆ. ಮೂರನೇ ತಿಂಗಳು ಕರೆ ಎತ್ತುವುದಿಲ್ಲ. ಬಿಲ್ಲಿನಲ್ಲಿ ಇರುವುದು ನಿಮ್ಮ ಹೆಸರು, ಬಡ್ಡಿ ಓಡುವುದು ನಿಮ್ಮ ಮೇಲೆ. ನಮ್ಮ ಸಮುದಾಯದ ಎಷ್ಟೋ ಯುವಕರ ಕಾರ್ಡ್ ಸಾಲದಲ್ಲಿ ಒಂದು ಪಾಲು ಅವರು ಉಂಡದ್ದೂ ಅಲ್ಲ, ಉಟ್ಟದ್ದೂ ಅಲ್ಲ.

ಹಿರಿಯರ ಎದುರು 'ಕೊಡುವುದಿಲ್ಲ' ಎನ್ನಲು ನಮಗೆ ಬಾಯಿ ಬರುವುದಿಲ್ಲ, ಬರುವುದೂ ಕಷ್ಟ. 'ಕಾರ್ಡ್ ಕ್ಲೋಸ್ ಮಾಡಿದ್ದೇನೆ ಕಾಕ' ಎನ್ನುವುದು ಸುಲಭ. ಅದು ಸುಳ್ಳೂ ಅಲ್ಲ. ನಿಜವಾಗಿ ಕಷ್ಟದಲ್ಲಿರುವವರಿಗೆ ನಿಮ್ಮ ಕೈಯಲ್ಲಿರುವ ಎರಡು ಸಾವಿರವನ್ನು ವಾಪಸ್ ಕೇಳದಂತೆ ಕೊಟ್ಟುಬಿಡಿ. ಇಲ್ಲದ ಹಣವನ್ನು ಬ್ಯಾಂಕಿನಿಂದ ತಂದುಕೊಡುವುದು ಉಪಕಾರವಾಗುವುದಿಲ್ಲ.

ಕಾರ್ಡ್ ಬಿಟ್ಟು ಕೈಗಡಕ್ಕೆ ಇಳಿಯುವವರಿಗೂ ಒಂದು ಮಾತು ಹೇಳಬೇಕು. ಬಡ್ಡಿ ಇಲ್ಲ ಎಂಬ ಮಾತ್ರಕ್ಕೆ ಅದು ಸಾಲವಲ್ಲದೆ ಹೋಗುವುದಿಲ್ಲ. ಗೆಳೆಯನಿಂದ ಹತ್ತು, ಭಾವನಿಂದ ಇಪ್ಪತ್ತು ಎಂದು ತಾರೀಕಿಲ್ಲದೆ, ಬರಹವಿಲ್ಲದೆ ಪಡೆದ ಹಣ ಸಂಬಂಧವನ್ನೇ ಮುರಿದ ಉದಾಹರಣೆ ಪ್ರತಿ ಕುಟುಂಬದಲ್ಲೂ ಒಂದಿದೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಇರುವುದೇ ಸಾಲವನ್ನು ಅವಧಿ ಸಹಿತ ಬರೆದಿಡುವ ಕುರಿತು. ನಾವು ಮಾತ್ರ 'ನಮ್ಮೊಳಗೆ ಏನು ಬರೆಯುವುದು' ಎಂದು ನಾಚುತ್ತೇವೆ.

ನಾಚಿಕೆಯ ಇನ್ನೊಂದು ರೂಪ ಮನೆಯೊಳಗೇ ಇದೆ. ಎಷ್ಟೋ ಗಂಡಸರು ಸಾಲ ಮಾಡಿದ್ದನ್ನೂ, ತೀರಿಸಿದ್ದನ್ನೂ ಮನೆಯವಳಿಗೆ ಹೇಳುವುದಿಲ್ಲ. ಸಂಬಳ ಎಷ್ಟು, ಬಾಕಿ ಎಷ್ಟು ಎಂದು ಗೊತ್ತಿಲ್ಲದ ಹೆಂಡತಿ ಪೆರ್ನಾಲಿಗೆ ಇಷ್ಟು ಬೇಕು ಎಂದರೆ ಅದು ಅವಳ ತಪ್ಪಲ್ಲ. ನಮ್ಮ ಉಮ್ಮಂದಿರು ಬೀಡಿ ಕಟ್ಟಿ ಬಂದ ಹಣದಲ್ಲಿ ವಾರದ ಲೆಕ್ಕ ಹಾಕಿ ಮನೆ ನಡೆಸಿ, ಅಕ್ಕಿ ಡಬ್ಬದ ಅಡಿಯಲ್ಲಿ ಒಂದಿಷ್ಟು ಉಳಿಸಿಯೂ ಇಟ್ಟವರು. ಆ ವಾರ್ಷಿಕ ಖರ್ಚಿನ ಖಾತೆಯನ್ನು ಹೆಂಡತಿಯ ಹೆಸರಲ್ಲಿ ತೆರೆದು, ಲೆಕ್ಕ ಅವಳ ಕೈಗೆ ಕೊಟ್ಟು ನೋಡಿ. ಹೆಚ್ಚಿನ ಮನೆಗಳಲ್ಲಿ ಅದು ಗಂಡಸಿನ ಕೈಯಲ್ಲಿರುವುದಕ್ಕಿಂತ ಭದ್ರವಾಗಿರುತ್ತದೆ.

ಗಲ್ಫ್‌ನಲ್ಲಿರುವವರಿಗೆ

ಗಲ್ಫ್‌ನಲ್ಲಿರುವ ನಮ್ಮವರ ಕಾರ್ಡ್ ಸಾಲಕ್ಕೆ ದೊಡ್ಡ ಕಾರಣ ಊರಿಗೆ ಬರುವುದು. ಟಿಕೆಟ್, ಪೆಟ್ಟಿಗೆ ತುಂಬ ಸಾಮಾನು, ಬಂದ ಮೇಲೆ ಒಂದು ತಿಂಗಳ ಓಡಾಟ, ಎದುರಾದವರಿಗೆಲ್ಲ ಕೈತುಂಬ. ಇದೂ ಗೊತ್ತಿದ್ದೇ ಬರುವ ಖರ್ಚು. ಎರಡು ವರ್ಷಕ್ಕೊಮ್ಮೆ ಬರುವವರು ಅದನ್ನು 24 ಭಾಗ ಮಾಡಿ ತೆಗೆದಿಟ್ಟರೆ ಹಿಂತಿರುಗುವಾಗ ಹೊಸ ಸಾಲದೊಂದಿಗೆ ವಿಮಾನ ಹತ್ತಬೇಕಾಗಿಲ್ಲ.

ಯುಎಇಯಲ್ಲಿ ಸಾಲಕ್ಕೆ ಭದ್ರತೆಯಾಗಿ ಚೆಕ್ ಕೊಟ್ಟವರು ಅದನ್ನು ವಾಪಸ್ ಪಡೆದಿದ್ದೀರಾ ಎಂದು ನೋಡಿಕೊಳ್ಳಿ. 2022ರ ಜನವರಿಯಿಂದ ಅಲ್ಲಿ ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆದರೆ ಮೊದಲಿನಂತೆ ನೇರ ಕ್ರಿಮಿನಲ್ ಕೇಸ್ ಆಗುವುದಿಲ್ಲ. ಆದರೆ ಆ ಚೆಕ್ಕನ್ನೇ ಹಿಡಿದು ಕೋರ್ಟಿನಲ್ಲಿ ನೇರ ವಸೂಲಿಗೆ ಹೋಗಬಹುದು. ಪ್ರಯಾಣ ನಿಷೇಧವೂ ಬೀಳಬಹುದು. ಗ್ರಾಚ್ಯುಟಿಯ ಮೇಲೆ ಈಗಲೇ ಕನಸು ಕಟ್ಟುವವರೂ ಲೆಕ್ಕ ತಿಳಿದಿರಲಿ. ಅಲ್ಲಿನ ಕಾನೂನಿನಂತೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲ ವೇತನ, ಆನಂತರ 30 ದಿನದ್ದು. ಐದು ವರ್ಷ ದುಡಿದವನಿಗೆ ಒಟ್ಟು 105 ದಿನದ ಮೂಲ ವೇತನ, ಅಂದರೆ ಮೂರೂವರೆ ತಿಂಗಳದ್ದು. ಭತ್ತೆ ಇದರಲ್ಲಿ ಸೇರುವುದಿಲ್ಲ. ಊರಲ್ಲಿ ಹೊಸ ಬದುಕು ಶುರು ಮಾಡಬೇಕಾದ ಈ ಹಣದಲ್ಲಿ ಕಾರ್ಡಿನ ಬಾಕಿ ಕಟ್ಟುವ ಸ್ಥಿತಿ ಯಾರಿಗೂ ಬರಬಾರದು.

ಜಮಾಅತ್‌ಗಳ ಪಾಲು

ಇದೆಲ್ಲವನ್ನೂ ಒಬ್ಬೊಬ್ಬರ ಹೆಗಲಿಗೆ ಹಾಕಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು ವರ್ಗ. ಆದರೆ ನಮ್ಮ ಊರುಗಳಲ್ಲಿ ಝಕಾತ್ ಪಟ್ಟಿ ಮಾಡುವಾಗ ಸಂಬಳ ಬರುವ, ಶರ್ಟು ಇಸ್ತ್ರಿ ಹಾಕಿದ ಯುವಕನ ಹೆಸರು ಯಾರಿಗೂ ಹೊಳೆಯುವುದಿಲ್ಲ. ಅವನೂ ಹೇಳಿಕೊಳ್ಳುವುದಿಲ್ಲ.

ಪ್ರತಿ ಜಮಾಅತ್ ಒಂದು ಸಣ್ಣ ಬಡ್ಡಿರಹಿತ ನಿಧಿ ಇಟ್ಟುಕೊಳ್ಳುವುದು ಅಸಾಧ್ಯವೇನಲ್ಲ. ಶಾಲೆಯ ಫೀಸಿಗೆ ಮೇ ತಿಂಗಳಲ್ಲಿ ಹತ್ತೋ ಹದಿನೈದೋ ಸಾವಿರ ಕೊಟ್ಟು, ಬರೆಸಿಕೊಂಡು, ಹತ್ತು ತಿಂಗಳಲ್ಲಿ ವಾಪಸ್ ಪಡೆಯಲಿ. ಕೊಟ್ಟವರ ಹೆಸರು ಮೈಕಿನಲ್ಲಿ ಬೇಡ, ಪಡೆದವರ ಹೆಸರಂತೂ ಬೇಡವೇ ಬೇಡ. ಕಾರ್ಡ್ ಸಾಲದ ಮೊದಲ ಸ್ವೈಪ್ ಆಗುವುದು ಇಂತಹ ಸಣ್ಣ ಮೊತ್ತಕ್ಕೇ. ಅಲ್ಲಿಯೇ ತಡೆದರೆ ಲಕ್ಷಕ್ಕೆ ಬೆಳೆಯುವುದಿಲ್ಲ.

ಮದುವೆಯ ವಿಷಯದಲ್ಲಿ ಹೊಸದಾಗಿ ಹೇಳುವುದು ಏನೂ ಇಲ್ಲ, ನಡೆದು ತೋರಿಸುವುದು ಮಾತ್ರ ಬಾಕಿ ಇದೆ. ತಾನು ಎರಡು ವರ್ಷ ಕಷ್ಟಪಟ್ಟು ಸಾಲ ತೀರಿಸಿದ ಒಬ್ಬ ಅಣ್ಣ, ತಂಗಿಯ ಮದುವೆಯನ್ನು ಇರುವ ಹಣದಲ್ಲಿ ಸರಳವಾಗಿ ಮಾಡಿದರೆ ಊರವರು ಎರಡು ದಿನ ಮಾತನಾಡಿಯಾರು. ಸಾಲ ಮಾಡಿ ಭರ್ಜರಿಯಾಗಿ ಮಾಡಿದರೂ ಅವರು ಮಾತನಾಡುವುದು ಎರಡೇ ದಿನ. ಕಂತು ಕಟ್ಟುವ ಐದು ವರ್ಷ ಅವರಲ್ಲಿ ಯಾರೂ ಜೊತೆಗಿರುವುದಿಲ್ಲ.

ಸಾಲ ತೀರಿಸಿದವರು ಈಗಾಗಲೇ ಒಂದು ದೊಡ್ಡ ವಿಷಯವನ್ನು ಸಾಬೀತು ಮಾಡಿದ್ದಾರೆ. ಇರುವ ಸಂಬಳದಲ್ಲೇ ತಿಂಗಳಿಗೆ ಒಂಬತ್ತು ಸಾವಿರ ತೆಗೆದಿಡಲು ತಮ್ಮಿಂದ ಆಗುತ್ತದೆ ಎಂಬುದನ್ನು. ಬ್ಯಾಂಕಿನ ಭಯದಿಂದ ಆದದ್ದು ಮಕ್ಕಳ ಮೇಲಿನ ಪ್ರೀತಿಯಿಂದಲೂ ಆಗಬೇಕು. ಮುಂದಿನ ತಿಂಗಳು ಕಂತಿನ ತಾರೀಕು ಬಂದಾಗ ಬ್ಯಾಂಕಿನಿಂದ ಮೆಸೇಜ್ ಬರುವುದಿಲ್ಲ. ನೀವೇ ನೆನಪಿಟ್ಟುಕೊಂಡು ಕಟ್ಟಿ.